ಭೂತಬಲೆಯ ಬೆನ್ನುಹತ್ತಿದವರು

ಉತ್ತರ ಆಸ್ಟ್ರೇಲಿಯಾದ ಆರ್ನೆಮ್ ಲ್ಯಾಂಡ್ ಕಡಲತೀರದಲ್ಲಿ ಜನವಸತಿ ವಿರಳ. ಆದರೂ ಅಲ್ಲಿಯ ಮರಳಿನಲ್ಲಿ ಪ್ಲಾಸ್ಟಿಕ್ ಎಳೆಯ ಮೀನುಬಲೆಗಳು ಗುಡ್ಡೆಗುಡ್ಡೆಯಾಗಿ ಬಂದು ಬೀಳುತ್ತವೆ. ಹೆಚ್ಚಿನವು ಅರಫುರಾ ಸಮುದ್ರದ ಟ್ರಾಲರ್‌ಗಳಿಂದ ಹರಿದು ಹೋದವು, ಇಲ್ಲವೇ ಬಿಸಾಡಿದವು. ಕಾರ್ಪೆಂಟೇರಿಯಾ ಕೊಲ್ಲಿಯ ನೀರು ಸುತ್ತು ಹೊಡೆಯುವುದರಿಂದ ಒಳಬಂದ ಬಲೆ ಸುಲಭಕ್ಕೆ ಹೊರಹೋಗದು. ಹಿಡಿದವರು ಕೈಬಿಟ್ಟರೂ ಈ ಭೂತಬಲೆಗಳು ಬೇಟೆ ನಿಲ್ಲಿಸುವುದಿಲ್ಲ.

ಆ ತೀರ ಯೋಲ್ಙು ಮೂಲನಿವಾಸಿಗಳದ್ದು. ಅವರ ಹಿರಿಯರು 1992ರಲ್ಲಿ ಕಟ್ಟಿದ ಸಂಸ್ಥೆ ಧಿಮುರು. ಅದರ ರೇಂಜರ್‌ಗಳು ಮರಳಲ್ಲಿ ಹೂತ ಬಲೆಯನ್ನು ಬಗೆದು, ಕತ್ತರಿಸಿ, ವಾಹನಕ್ಕೆ ಕಟ್ಟಿ ಎಳೆಯುತ್ತಾರೆ. ಒಳಗೆ ಜೀವಂತ ಆಮೆಯಿದ್ದರೆ ಬಿಡಿಸಿ ಕಡಲಿಗೆ ಬಿಡುತ್ತಾರೆ. ನಮ್ಮ ಹೊನ್ನಾವರದ ಕಾಸರಕೋಡಿನಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲಿ ಆಮೆಗಳೂ ಅಲ್ಲಿ ಸಿಕ್ಕಿಬೀಳುತ್ತವೆ.

ಇವರನ್ನು ಕಸ ಹೆಕ್ಕುವವರೆಂದು ಕರೆದರೆ ಅದು ಅನ್ಯಾಯ. ಬಲೆಯ ಕಣ್ಣಿನ ಅಳತೆ, ದಾರದ ದಪ್ಪ, ಬಣ್ಣ ಎಲ್ಲವನ್ನೂ ರೇಂಜರ್‌ಗಳು ಬರೆದಿಡುತ್ತಾರೆ. 2004ರಿಂದ ಘೋಸ್ಟ್‌ನೆಟ್ಸ್ ಆಸ್ಟ್ರೇಲಿಯಾ ಎಂಬ ಕೂಟ ಕೊಲ್ಲಿಯ ಸುತ್ತಲಿನ ಹತ್ತಾರು ಮೂಲನಿವಾಸಿ ಸಮುದಾಯಗಳನ್ನು ಈ ಕೆಲಸದಲ್ಲಿ ಜೋಡಿಸಿತು. ಹೀಗೆ ಕೂಡಿದ 8,690 ಬಲೆಗಳ ಲೆಕ್ಕ ಹಿಡಿದು ಸಂಶೋಧಕರು ಅಂದಾಜಿಸಿದ್ದು, ಅವು 5,000ದಿಂದ 15,000 ಆಮೆಗಳನ್ನು ಹಿಡಿದಿರಬಹುದೆಂದು. ಕೊಲ್ಲಿಯ ಈಶಾನ್ಯ ಭಾಗದಲ್ಲೇ ಬಲೆಗಳನ್ನು ತಡೆದರೆ ಹೆಚ್ಚು ಆಮೆಗಳು ಉಳಿದಾವು ಎಂಬುದು ಇನ್ನೊಂದು ಅಧ್ಯಯನದಿಂದ ತಿಳಿಯಿತು. ದಡದಲ್ಲಿ ಬೆವರು ಸುರಿಸಿದವರ ದಾಖಲೆ ಇಲ್ಲದೆ ಇದ್ಯಾವುದೂ ಸಾಧ್ಯವಿರಲಿಲ್ಲ.

ಟಾರಸ್ ಜಲಸಂಧಿಯ ಎರುಬ್ ದ್ವೀಪದ ಕಲಾವಿದರು ಅದೇ ಬಲೆಗಳಿಂದ ಆಮೆ, ಶಾರ್ಕ್‌ಗಳನ್ನು ಹೆಣೆಯುತ್ತಾರೆ. 2016ರಲ್ಲಿ ಅವರ ಕೃತಿಗಳು ಮೊನಾಕೊದ ಸಾಗರ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಗೊಂಡವು.

2008ರ ಬ್ಲೂ ಮಡ್ ಬೇ ತೀರ್ಪನ್ನು ಇಲ್ಲಿ ಹೇಳಲೇಬೇಕು. ಮೂಲನಿವಾಸಿಗಳ ನೆಲದ ಮೇಲೆ ಉಬ್ಬರದ ನೀರು ಏರಿ ನಿಂತಾಗಲೂ ಒಳಬರುವ ಮೀನುಗಾರರು ಅವರ ಅನುಮತಿ ಪಡೆಯಬೇಕೆಂದು ಆಸ್ಟ್ರೇಲಿಯಾದ ಹೈಕೋರ್ಟ್, ಅಂದರೆ ಆ ದೇಶದ ಅತ್ಯುನ್ನತ ನ್ಯಾಯಾಲಯ, ಎತ್ತಿಹಿಡಿಯಿತು. ಭೂತಬಲೆ ಮಾತ್ರ ಯಾರನ್ನೂ ಕೇಳದೆ ಬರುತ್ತದೆ. ಬಲೆ ಯಾರದೆಂದು ಗುರುತು ಹಾಕುವ ಮಾರ್ಗಸೂಚಿಯನ್ನು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಘಟನೆ 2018ರಲ್ಲಿ ಒಪ್ಪಿತು, ಆದರೆ ಪಾಲಿಸುವುದು ಆಯಾ ದೇಶದ ಇಚ್ಛೆಗೆ ಬಿಟ್ಟದ್ದು. ಅದು ಕಡ್ಡಾಯವಾಗಬೇಕು. ಆ ನಿಯಮ ಬರೆಯುವ ಮೇಜಿನಲ್ಲಿ, ಇಷ್ಟು ವರ್ಷ ಬಲೆ ಎಳೆದ ಯೋಲ್ಙು ಜನರಿಗೂ ಕುರ್ಚಿ ಇರಬೇಕು.