ಏಳಡಿ ಆಳಿನ ಉಸಿರು ಅಳೆದವನು

1842ರಲ್ಲಿ ಚಾರ್ಲ್ಸ್ ಫ್ರೀಮನ್ ಎಂಬ ಮುಷ್ಟಿಮಲ್ಲ ಅಮೆರಿಕದಿಂದ ಇಂಗ್ಲೆಂಡಿಗೆ ಬಂದಿಳಿದ. ಹತ್ತಿರ ಹತ್ತಿರ ಏಳಡಿ ಆಳು. ಪಂದ್ಯಕ್ಕೆ ತಾಲೀಮು ನಡೆಸುತ್ತಿದ್ದ ಅವನನ್ನು ಜಾನ್ ಹಚಿನ್ಸನ್ ಎಂಬ ವೈದ್ಯ ಹಿಡಿದು ನಿಲ್ಲಿಸಿ, ಒಂದು ಕೊಳವೆಯೊಳಗೆ ಊದಿಸಿದ. ಬಂದ ಗಾಳಿ 434 ಘನ ಅಂಗುಲ. ನಮ್ಮ ಲೆಕ್ಕದಲ್ಲಿ ಏಳು ಲೀಟರಿಗೂ ಮಿಕ್ಕಿ. ಎರಡು ವರ್ಷದ ಮೇಲೆ ಅದೇ ಫ್ರೀಮನ್ ಮೈ ಸರಿಯಿಲ್ಲವೆಂದು ಮತ್ತೆ ಬಂದ. ಸ್ಟೆತೊಸ್ಕೋಪ್ ಬಲ್ಲವರಿಗೆ ರೋಗದ ಸುಳಿವು ಸಿಗಲಿಲ್ಲ. ಹಚಿನ್ಸನ್ ಮಾತ್ರ ಪುನಃ ಊದಿಸಿ ನೋಡಿದ. ಗಾಳಿ ಇಳಿದಿತ್ತು, ಇಳಿಯುತ್ತ ಇಳಿಯುತ್ತ ಐದರಲ್ಲೊಂದು ಪಾಲಿನಷ್ಟು ಹೋಗಿತ್ತು. 1845ರಲ್ಲಿ ಮಲ್ಲ ಕ್ಷಯದಿಂದ ತೀರಿಕೊಂಡ.

ಉಪಕರಣವೇನೂ ಮಹಾ ಜಟಿಲವಲ್ಲ. ನೀರು ತುಂಬಿದ ಸಿಲಿಂಡರು, ಅದರೊಳಗೆ ಬೋರಲು ಹಾಕಿದ ಇನ್ನೊಂದು ಸಿಲಿಂಡರು, ಅದರ ಭಾರ ತೂಗಿಸಲು ರಾಟೆಯ ಮೇಲೆ ಹಾಯ್ದ ಹಗ್ಗಗಳಿಗೆ ತೂಕದ ಬಟ್ಟುಗಳು. ಕೋಟಿನೊಳಗಿನ ಅಂಗಿ ಸಡಿಲಿಸಿ, ನೆಟ್ಟಗೆ ನಿಂತು, ತಲೆ ಹಿಂದಕ್ಕೆ ಮಾಡಿ, ನಿಧಾನವಾಗಿ ಎದೆ ತುಂಬ ಗಾಳಿ ಎಳೆದುಕೊಂಡು ಊದಬೇಕು. ಒಳಗಿನ ಸಿಲಿಂಡರು ಮೇಲೇಳುತ್ತದೆ. ಎಷ್ಟು ಎದ್ದಿತೆಂದು ಪಕ್ಕದ ಅಳತೆಪಟ್ಟಿ ಹೇಳುತ್ತದೆ. ಊದಿದವನಿಗೂ ಅದು ಕಾಣುತ್ತದೆ. ಇಂದಿನ ಕಂಪ್ಯೂಟರ್ ಗ್ರಾಫು ನೋಡಿ ಯಾವ ರೋಗಿಗೆ ಏನು ತಿಳಿಯುತ್ತದೋ ನಾ ಕಾಣೆ.

1846ರ ಅವನ ಪ್ರಬಂಧದಲ್ಲಿ ಹೀಗೆ ಊದಿದವರ ಸಂಖ್ಯೆ 2,130. ನಾವಿಕರು, ಪೊಲೀಸರು, ಅಗ್ನಿಶಾಮಕರು, ಅಚ್ಚುಮೊಳೆ ಜೋಡಿಸುವವರು, ಸಿಪಾಯಿಗಳು, ಭಿಕ್ಷಾನ್ನದವರು, ದೊಡ್ಡ ಮನೆತನದವರು, ಕುಳ್ಳರು, ದೈತ್ಯರು: ಯಾರನ್ನೂ ಬಿಟ್ಟಿಲ್ಲ. ಹೀಗೆ ಅಳೆದ ಗಾಳಿಗೆ ‘ವೈಟಲ್ ಕೆಪಾಸಿಟಿ’ ಎಂದು ಹೆಸರಿಟ್ಟವನೂ ಅವನೇ. ಐದಡಿಯಿಂದ ಆರಡಿಯವರೆಗೆ, ಎತ್ತರ ಒಂದಂಗುಲ ಏರಿದರೆ ಗಾಳಿ ಎಂಟು ಘನ ಅಂಗುಲ ಏರುತ್ತದೆಂಬುದು ಅವನು ಕಂಡ ಲೆಕ್ಕ. ಜೀವವಿಮೆ ಕಂಪನಿಗಳಿಗೆ ಇದರಿಂದ ಅನುಕೂಲವೆಂಬ ಅಂದಾಜೂ ಅವನಿಗಿತ್ತು.

ಇಷ್ಟು ಮಾಡಿದವನು 1852ರಲ್ಲಿ ಹೆಂಡತಿ ಮಕ್ಕಳನ್ನು ಬಿಟ್ಟು ಆಸ್ಟ್ರೇಲಿಯಾದ ಚಿನ್ನದ ಗಣಿಗಳ ಕಡೆ ಹೊರಟುಹೋದ! ಪಿಟೀಲು ನುಡಿಸುತ್ತಿದ್ದ, ಚಿತ್ರ ಬರೆಯುತ್ತಿದ್ದ ಮನುಷ್ಯ. ಹುಚ್ಚು ಯಾವ ದಾರಿಯಲ್ಲಿ ಎಳೆಯಿತೋ. 1861ರಲ್ಲಿ ಫಿಜಿಯಲ್ಲಿ ಸತ್ತ. ಆಮಶಂಕೆಯೆಂದು ಕೆಲವರು, ಕೊಲೆಯೆಂದು ಕೆಲವರು.

ನಂತರದ ಶತಮಾನವನ್ನು ದಾಟಿಬಿಡೋಣ. 1947ರಲ್ಲಿ ಫ್ರಾನ್ಸಿನ ಟಿಫ್ನೋ, ಎಷ್ಟು ಗಾಳಿ ಬಂತೆಂಬುದಷ್ಟೇ ಅಲ್ಲ, ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಬಂತೆಂಬುದು ಮುಖ್ಯವೆಂದ. ಅಸ್ತಮಾದವರ ತೊಡಕು ಅಲ್ಲೇ. 1959ರಲ್ಲಿ ಬ್ರಿಟನ್ನಿನ ಮಾರ್ಟಿನ್ ರೈಟ್‌ನ ಪೀಕ್ ಫ್ಲೋ ಮೀಟರ್ ಬಂತು. ಅದರ ಮರಿ ಈಗ ಅಸ್ತಮಾದವರ ಮನೆಗಳಲ್ಲಿದೆ.

ನನಗೆ ಸಿಟ್ಟು ಬರುವುದು ಬೇರೆ ವಿಷಯಕ್ಕೆ. ಹಚಿನ್ಸನ್ ಎತ್ತರ, ವಯಸ್ಸು, ತೂಕ ಕೇಳಿದ. ಅಮೆರಿಕದ ದಕ್ಷಿಣದಲ್ಲಿ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಚರ್ಮದ ಬಣ್ಣ ಕೇಳಿದ. ಗುಲಾಮರು ಓಡಿಹೋಗುವುದಕ್ಕೂ ಒಂದು ರೋಗದ ಹೆಸರಿಟ್ಟ ಭೂಪ ಈತ. ಕರಿಯರ ಶ್ವಾಸಕೋಶಕ್ಕೆ ಹಿಡಿಯುವ ಗಾಳಿ ಶೇ 20ರಷ್ಟು ಕಡಿಮೆ, ಮೈಮುರಿದು ದುಡಿದರೆ ಅವರಿಗೇ ಒಳ್ಳೆಯದು ಎಂದು ಸಾರಿದ. ಒಳ್ಳೆಯ ಗಾಳಿ, ಹೊಟ್ಟೆ ತುಂಬ ಊಟ ಯಾರಿಗೆ ಸಿಕ್ಕಿತ್ತೆಂದು ಯೋಚಿಸುವ ಗೋಜಿಗೇ ಹೋಗಲಿಲ್ಲ. ಆ ‘ಕಡಿತ’ ಮುಂದೆ ಯಂತ್ರದೊಳಗೇ ಕೂತಿತು. ಕರಿಯರಿಗೆ ಶೇ 10–15, ಏಷ್ಯಾದವರಿಗೆ, ಅಂದರೆ ನಮಗೂ, ಶೇ 4–6 ಕಡಿಮೆ ಇದ್ದರೂ ಸರಿಯೆಂದು ಅದು ತೀರ್ಪು ಕೊಡುತ್ತಿತ್ತು. 1999ರಲ್ಲಿ ಬಾಲ್ಟಿಮೋರ್‌ನಲ್ಲಿ ಒಂದು ಕಂಪನಿ ಇದನ್ನೇ ಹಿಡಿದು, ಅಸ್ಬೆಸ್ಟಾಸ್ ಧೂಳಿನಿಂದ ಕಾಯಿಲೆ ಬಿದ್ದ ಕರಿಯ ಕಾರ್ಮಿಕರ ಪರಿಹಾರದ ದಾರಿಗೆ ಅಡ್ಡ ನಿಲ್ಲಲು ನೋಡಿತು.

ಜನಾಂಗ ಯಾವುದೆಂದು ಕೇಳಿ ಈ ಕಡಿತ ಹಾಕುವ ಕಾಲಂ ಬೇಡವೆಂದು ಅಮೆರಿಕದ ಥೊರಾಸಿಕ್ ಸೊಸೈಟಿ ಹೇಳಿದ್ದು 2023ರಲ್ಲಿ. ಹಳೆಯ ಸಾಫ್ಟ್‌ವೇರ್ ಇರುವ ಲ್ಯಾಬುಗಳಲ್ಲಿ ರೋಗಿ ಊದುವ ಮೊದಲು ಅದನ್ನು ಈಗಲೂ ತುಂಬಬೇಕು.