ನರಗುಂದದ ಕೋಟೆ ಬೇಗನೆ ಬಿದ್ದದ್ದೇಕೆ?

ಗದಗ-ಬೆಟಗೇರಿಯಿಂದ ವಾಯವ್ಯಕ್ಕೆ ಸುಮಾರು 50 ಕಿಲೋಮೀಟರ್ ಹೋದರೆ ಎರೆಹೊಲಗಳ ಬಯಲಿನಲ್ಲಿ ನರಗುಂದದ ಗುಡ್ಡ ಒಮ್ಮೆಲೇ ಎದ್ದು ನಿಲ್ಲುತ್ತದೆ. ಹತ್ತಿದವರಿಗೆ ಮೇಲೆ ಕಾಣುವುದು ಕೋಟೆಯ ಅವಶೇಷ, ನೀರಿನ ಹೊಂಡಗಳು, ಸುತ್ತಲೂ ಕಣ್ಣು ಹರಿಯುವಷ್ಟು ಹೊಲ. ಇಷ್ಟು ಎತ್ತರದ ಕೋಟೆ 1858ರಲ್ಲಿ ಎರಡು ದಿನವೂ ನಿಲ್ಲಲಿಲ್ಲವೆಂದರೆ ನೋಡುಗರಿಗೆ ಅಚ್ಚರಿಯಾಗುವುದು ಸಹಜ.

ಗಿರಿದುರ್ಗದ ಬಲ ಅದರ ಎತ್ತರದಲ್ಲಷ್ಟೇ ಇರುವುದಿಲ್ಲ. ಮಳೆನೀರು ಹಿಡಿದಿಡುವ ಹೊಂಡ, ತಿಂಗಳುಗಟ್ಟಲೆ ಸಾಲುವ ಕಾಳುಕಡಿ, ತೋಪು, ಮದ್ದು, ಕಾಯುವ ಜನ ಎಲ್ಲವೂ ಬೇಕು. ಮೇಲಿನ ಕೋಟೆ ಆಪತ್ಕಾಲದ ಆಸರೆ. ದಿನದ ಆಡಳಿತ ನಡೆಯುತ್ತಿದ್ದುದು ಕೆಳಗೆ. ನರಗುಂದದ ಭಾವೆ ಮನೆತನದ ಅರಮನೆ ಇದ್ದುದೂ ಗುಡ್ಡದ ಬುಡದ ಊರಿನಲ್ಲಿಯೇ. 1785ರಲ್ಲಿ ಟಿಪ್ಪುವಿನ ಸೈನ್ಯ ಮುತ್ತಿಗೆ ಹಾಕಿದಾಗ ಇದೇ ಕೋಟೆ ತಿಂಗಳುಗಟ್ಟಲೆ ತಡೆದು ನಿಂತು, ಕೊನೆಗೆ ಶರಣಾಯಿತು.

1858ರ ಹೊತ್ತಿಗೆ ಸ್ಥಿತಿ ಬೇರೆಯಾಗಿತ್ತು. ಸಂಸ್ಥಾನಿಕ ಭಾಸ್ಕರರಾವ್ ಭಾವೆ, ಅಂದರೆ ಬಾಬಾಸಾಹೇಬನಿಗೆ ಮಕ್ಕಳಿರಲಿಲ್ಲ. ದತ್ತಕಕ್ಕೆ ಕಂಪನಿ ಸರಕಾರ ಒಪ್ಪಲಿಲ್ಲ. ಮೇಲಾಗಿ, ಅಧಿಕಾರಿಗಳ ಒತ್ತಾಯಕ್ಕೆ ಮಣಿದು ಆತ ತನ್ನ ತೋಪುಗಳಲ್ಲಿ ಹೆಚ್ಚಿನವನ್ನು ಮೊದಲೇ ಧಾರವಾಡಕ್ಕೆ ಕಳುಹಿಸಿಬಿಟ್ಟಿದ್ದ. ಕೋಟೆ ಉಳಿದಿತ್ತು, ಅದರ ಹಲ್ಲು ಉದುರಿದ್ದವು.

ಆ ವರ್ಷದ ಮೇ ತಿಂಗಳ ಕೊನೆಯ ವಾರದಲ್ಲಿ ಮುಂಡರಗಿಯ ಭೀಮರಾವ್ ಡಂಬಳದ ಖಜಾನೆಯನ್ನು ವಶಪಡಿಸಿಕೊಂಡು ಕೊಪ್ಪಳದ ಕೋಟೆ ಸೇರಿದ. ಮೇ 29ರ ರಾತ್ರಿ ಬಾಬಾಸಾಹೇಬನ ಕಡೆಯವರು ಸುರೇಬಾನದಲ್ಲಿ ತಂಗಿದ್ದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಆತನ ತಲೆಯನ್ನು ನರಗುಂದದ ಅಗಸಿಗೆ ತೂಗುಹಾಕಿದರು. ಜೂನ್ 1ರಂದು ಕರ್ನಲ್ ಮಾಲ್ಕಂನ ಪಡೆ ಬಂತು. ಬಾಬಾಸಾಹೇಬನ ಜನ ಕೋಟೆಯೊಳಗೆ ಕಾದು ಕೂಡದೆ ಬಯಲಿಗಿಳಿದು ಎದುರಿಸಿದರು, ಕುದುರೆ ದಂಡಿನ ಮುಂದೆ ಚದುರಿಹೋದರು. ಮರುದಿನ ಬೆಳಿಗ್ಗೆ ಬ್ರಿಟಿಷರು ಮೇಲೆ ಹತ್ತಿದಾಗ ಕೋಟೆಯಲ್ಲಿ ಜನವೇ ಇರಲಿಲ್ಲವೆನ್ನಬೇಕು.

ಅದೇ ಜೂನ್ 1ರಂದು ಕೊಪ್ಪಳವೂ ಬಿತ್ತು, ಭೀಮರಾವ್ ಹೋರಾಡುತ್ತ ಮಡಿದ. 1790ರಲ್ಲಿ ಬ್ರಿಟಿಷ್ ಮತ್ತು ನಿಜಾಮರ ಸೈನ್ಯವನ್ನು ಸುಮಾರು ಆರು ತಿಂಗಳು ತಡೆದ ಕೋಟೆ ಅದು! ಎರಡೂ ಕಡೆ ಗೋಡೆಗಳು ಮೊದಲಿನವೇ. ಬಂಡಾಯಗಾರರಿಗೆ ಸಿದ್ಧತೆಗೆ ಸಮಯ ಸಿಗಲಿಲ್ಲ, ಹೊರಗಿನಿಂದ ನೆರವೂ ಬರಲಿಲ್ಲ.

ತೊರಗಲ್ಲಿನ ಕಾಡಿನಲ್ಲಿ ಸೆರೆಸಿಕ್ಕ ಬಾಬಾಸಾಹೇಬನನ್ನು ಜೂನ್ 12ರಂದು ಬೆಳಗಾವಿಯಲ್ಲಿ ಗಲ್ಲಿಗೇರಿಸಲಾಯಿತು. ಆತನ ತಾಯಿ ಮತ್ತು ಹೆಂಡತಿ ಮಲಪ್ರಭೆಗೆ ಹಾರಿ ಪ್ರಾಣ ಬಿಟ್ಟರು. ಸಂಸ್ಥಾನ ಸರಕಾರದ ವಶವಾಯಿತು, ಕೋಟೆಯನ್ನು ಹಾಳುಗೆಡವಲಾಯಿತು. ಇಂದು ಗುಡ್ಡ ಬೋಳಾಗಿ ಕಾಣುವುದಕ್ಕೆ ಕಾಲವೊಂದೇ ಕಾರಣವಲ್ಲ. ಮತ್ತೊಮ್ಮೆ ಯಾರೂ ಅಲ್ಲಿ ಆಸರೆ ಪಡೆಯಬಾರದೆಂಬ ಗೆದ್ದವರ ಎಚ್ಚರಿಕೆಯೂ ಆ ಕಲ್ಲುಗಳಲ್ಲಿದೆ.