ಹಳೆಯ ಮಸೂರ, ಹೊಸ ಕ್ಯಾಮೆರಾ: ಹಸ್ತಪ್ರತಿಗಳ ಛಾಯಾಪ್ರತಿಯಲ್ಲಿ ಕೈಚಾಲಿತ ಮಸೂರಗಳ ಬಳಕೆ

ಹಸ್ತಪ್ರತಿಗಳನ್ನೂ ಹಳೆಯ ಮುದ್ರಿತ ಗ್ರಂಥಗಳನ್ನೂ ಛಾಯಾಚಿತ್ರದ ಮೂಲಕ ಉಳಿಸಿಕೊಳ್ಳುವ ಕಾರ್ಯದಲ್ಲಿ ಕ್ಯಾಮೆರಾದ ಕುರಿತು ನಡೆಯುವಷ್ಟು ಚರ್ಚೆ ಅದರ ಮುಂದಿರುವ ಮಸೂರದ ಕುರಿತು ನಡೆಯುವುದಿಲ್ಲ. ಆದರೆ ಅಕ್ಷರದ ರೂಪವನ್ನು ಮೊದಲು ಗ್ರಹಿಸುವುದು ಮಸೂರವೇ. ಮುದ್ರಿತ ಕನ್ನಡದಲ್ಲಿ ಠಕಾರವನ್ನು ರಕಾರದಿಂದ ಬೇರ್ಪಡಿಸುವುದು ನಡುವಿನ ಒಂದು ಚುಕ್ಕೆ. ಧಕಾರವನ್ನು ದಕಾರದಿಂದ ಬೇರ್ಪಡಿಸುವುದು ಕೆಳಗಿನ ಒಂದು ಸೀಳು. ಚುಕ್ಕೆ ಅಳಿದರೆ ‘ಮಠ’ವು ‘ಮರ’ವಾಗುತ್ತದೆ, ಸೀಳು ಅಳಿದರೆ ‘ಧನ’ವು ‘ದನ’ವಾಗುತ್ತದೆ. ಮೂಲಪ್ರತಿ ಕೈಗೆ ಸಿಗುವವರೆಗೆ ಇಂತಹ ತಪ್ಪನ್ನು ತಿದ್ದಬಹುದು. ಓಲೆ ಮುರಿದು, ಕಾಗದ ಪುಡಿಯಾದ ಮೇಲೆ ಛಾಯಾಪ್ರತಿಯೇ ಮೂಲದ ಸ್ಥಾನದಲ್ಲಿ ನಿಲ್ಲುತ್ತದೆ. ಆಗ ಮಸೂರದ ದೋಷವೇ ಪಾಠದ ದೋಷವಾಗುತ್ತದೆ.

1891ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಪ್ರಾಚ್ಯ ಗ್ರಂಥಾಲಯಕ್ಕೆ ಬಂದ ಓಲೆಕಟ್ಟೊಂದರ ಆಧಾರದಿಂದ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಪ್ರಕಟಿಸಿದರೆಂಬುದನ್ನು ನೆನೆದರೆ, ಒಂದು ಕಟ್ಟಿನ ಬೆಲೆ ಎಷ್ಟೆಂಬುದು ತಿಳಿಯುತ್ತದೆ. ಫಿಲ್ಮ್ ಯುಗದ ಕೈಚಾಲಿತ ಮಸೂರಗಳನ್ನು ಇಂದಿನ ಡಿಜಿಟಲ್ ಕ್ಯಾಮೆರಾಕ್ಕೆ ಜೋಡಿಸಿ ಇಂತಹ ಕೆಲಸಕ್ಕೆ ಬಳಸಬಹುದೇ, ಬಳಸುವುದಾದರೆ ಯಾವುದನ್ನು, ಹೇಗೆ ಎಂಬುದನ್ನು ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ದಾಖಲೆಗಾಗಿಯೇ ಹುಟ್ಟಿದ ಮಸೂರ

ಜಪಾನಿನ ನಿಕಾನ್ ಸಂಸ್ಥೆ 1956ರಲ್ಲಿ 5 ಸೆಂ.ಮೀ. ಸಂಗಮದೂರದ, ಎಫ್ 3.5 ರಂಧ್ರಮಾನದ ‘ಮೈಕ್ರೋ ನಿಕ್ಕೋರ್’ ಮಸೂರವನ್ನು ಹೊರತಂದಿತು. ಹೆಸರಿನಲ್ಲಿರುವ ‘ಮೈಕ್ರೋ’ ಎಂಬುದು ಮೈಕ್ರೋಫಿಲ್ಮನ್ನು ಸೂಚಿಸುತ್ತದೆ. ರೋಮನ್ ಅಕ್ಷರಗಳಿಗೆ ಸಾಕಾಗುತ್ತಿದ್ದ ಮಸೂರಗಳು ಪುಟ್ಟ ಚೌಕದಲ್ಲಿ ಹತ್ತಾರು ಗೆರೆಗಳನ್ನು ಅಡಕಗೊಳಿಸುವ ಕಾಂಜಿ ಲಿಪಿಗೆ ಸಾಲದಾದುವು. ಗೆರೆಗಳು ಒಂದಕ್ಕೊಂದು ಕೂಡಿಕೊಂಡರೆ ಅಕ್ಷರ ಓದಲಾಗುತ್ತಿರಲಿಲ್ಲ. ಹೀಗೆ ಒಂದು ಲಿಪಿಯ ಅಗತ್ಯವೇ ಮಸೂರವೊಂದರ ಹುಟ್ಟಿಗೆ ಕಾರಣವಾಯಿತು. 1961ರಲ್ಲಿ ಇದರ 5.5 ಸೆಂ.ಮೀ. ರೂಪವು ನಿಕಾನ್ ಎಫ್ ಕ್ಯಾಮೆರಾಕ್ಕೆ ಸಿದ್ಧವಾಯಿತು. ವಸ್ತುವಿನ ನೈಜಗಾತ್ರದವರೆಗೂ ಬಿಂಬವನ್ನು ಮೂಡಿಸುವ ಸಾಮರ್ಥ್ಯ ಅದಕ್ಕಿತ್ತು.

ಸಾಮಾನ್ಯ ಮಸೂರಗಳನ್ನು ದೂರದ ದೃಶ್ಯಗಳಿಗೆ ಹೊಂದುವಂತೆ ರೂಪಿಸಲಾಗುತ್ತದೆ. ದಾಖಲೆ ಮಸೂರವನ್ನು ಹತ್ತಿರದ, ಸಮತಲವಾದ ವಸ್ತುವಿಗೆಂದೇ ರೂಪಿಸಲಾಗುತ್ತದೆ. ಆದುದರಿಂದ ಪುಟದ ನಡುವೆ ಇರುವ ಸ್ಪಷ್ಟತೆ ನಾಲ್ಕು ಮೂಲೆಗಳಿಗೂ ಒದಗುತ್ತದೆ. ನೇರವಾದ ಅಂಚು ನೇರವಾಗಿಯೇ ಉಳಿಯುತ್ತದೆ. ಒತ್ತಕ್ಷರಗಳನ್ನೂ ಸೊನ್ನೆಗಳನ್ನೂ ಅವಲಂಬಿಸಿದ ಕನ್ನಡ ಲಿಪಿಯ ದಾಖಲೆಗೂ ಬೇಕಾದುದು ಈ ಗುಣಗಳೇ.

ಜೋಡಣೆಯ ತತ್ತ್ವ

ಮಸೂರವು ಕ್ಯಾಮೆರಾಕ್ಕೆ ಕೂರುವ ಲೋಹದ ಬಳೆಯಿಂದ ಫಿಲ್ಮ್ ಅಥವಾ ಸಂವೇದಕದವರೆಗಿನ ಅಂತರ ಪ್ರತಿ ಕ್ಯಾಮೆರಾ ವ್ಯವಸ್ಥೆಯಲ್ಲೂ ನಿಶ್ಚಿತವಾಗಿರುತ್ತದೆ. ನಿಕಾನ್ ಎಫ್ ವ್ಯವಸ್ಥೆಯಲ್ಲಿ ಇದು 46.5 ಮಿ.ಮೀ.; 42 ಮಿ.ಮೀ. ತಿರುಪಿನ ಎಂ-42 ವ್ಯವಸ್ಥೆಯಲ್ಲಿ 45.46 ಮಿ.ಮೀ. ಬಿಂಬವನ್ನು ನೋಡುಗಂಡಿಗೆ ಪ್ರತಿಫಲಿಸುವ ಕನ್ನಡಿಗೆ ಸ್ಥಳ ಬೇಕಾಗಿದ್ದುದರಿಂದ ಈ ಅಂತರ ಇಷ್ಟು ದೊಡ್ಡದಾಗಿತ್ತು. 2008ರಿಂದ ಬಳಕೆಗೆ ಬಂದ ಮಿರರ್‌ಲೆಸ್ ಕ್ಯಾಮೆರಾಗಳಲ್ಲಿ ಆ ಕನ್ನಡಿಯಿಲ್ಲ. ಸೋನಿ ಇ ವ್ಯವಸ್ಥೆಯಲ್ಲಿ ಅಂತರ 18 ಮಿ.ಮೀ., ಕೆನಾನ್ ಆರ್‌ಎಫ್‌ನಲ್ಲಿ 20 ಮಿ.ಮೀ., ನಿಕಾನ್ ಝಡ್‌ನಲ್ಲಿ 16 ಮಿ.ಮೀ. ಮಾತ್ರ. ಉಳಿದ ಅಂತರವನ್ನು ತುಂಬುವ ಟೊಳ್ಳು ಬಳೆಯೇ ಅಡಾಪ್ಟರ್. ನಿಕಾನ್ ಎಫ್ ಮಸೂರವನ್ನು ಸೋನಿ ಇ ಕ್ಯಾಮೆರಾಕ್ಕೆ ಜೋಡಿಸಲು 28.5 ಮಿ.ಮೀ. ದಪ್ಪದ ಬಳೆ ಸಾಕು. ಅದರಲ್ಲಿ ಗಾಜು ಇರುವುದಿಲ್ಲವಾಗಿ ಬಿಂಬದ ಗುಣ ಕೆಡುವುದಿಲ್ಲ. ಆದರೆ ಬಳೆಯ ಎರಡು ಮುಖಗಳು ಪರಸ್ಪರ ಸಮಾನಾಂತರವಾಗಿರಬೇಕು. ಇಲ್ಲವಾದರೆ ಪುಟದ ಒಂದು ಬದಿ ಸ್ಪಷ್ಟವಾಗಿದ್ದು ಇನ್ನೊಂದು ಬದಿ ಮಸುಕಾಗುತ್ತದೆ.

ಕನ್ನಡಿಯುಳ್ಳ ನಿಕಾನ್ ಡಿಜಿಟಲ್ ಕ್ಯಾಮೆರಾಗಳನ್ನೇ ಬಳಸುವವರು ಒಂದು ಎಚ್ಚರಿಕೆ ವಹಿಸಬೇಕು. 1977ರಲ್ಲಿ ಸಂಸ್ಥೆಯು ತನ್ನ ಮಸೂರಗಳ ರಂಧ್ರಬಳೆಯ ರಚನೆಯನ್ನು ಬದಲಿಸಿತು. ಅದಕ್ಕೂ ಹಿಂದಿನ, ಮಾರ್ಪಡಿಸದ ಮಸೂರಗಳನ್ನು ಅನೇಕ ಮಾದರಿಗಳಿಗೆ ತೊಡಿಸಿದರೆ ಕ್ಯಾಮೆರಾದ ಸನ್ನೆ ಮುರಿಯುವ ಸಂಭವವಿದೆ.

ಎಲ್ಲ ಹಳೆಯ ಮಸೂರಗಳೂ ಸಲ್ಲವು

ಹಳೆಯ ಮಸೂರಗಳೆಲ್ಲ ಶ್ರೇಷ್ಠವೆಂಬ ಅಭಿಮಾನ ಈ ಕೆಲಸದಲ್ಲಿ ಅಪಾಯಕರ. ಸೋವಿಯತ್ ಒಕ್ಕೂಟದಲ್ಲಿ ಅಪಾರ ಸಂಖ್ಯೆಯಲ್ಲಿ ತಯಾರಾದ 58 ಮಿ.ಮೀ. ಎಫ್ 2 ‘ಹೀಲಿಯಾಸ್-44’ ಮಸೂರವು ಜರ್ಮನಿಯ ಝೈಸ್ ಬಯೋಟಾರ್ ವಿನ್ಯಾಸವನ್ನು ಆಧರಿಸಿದ್ದು. ವ್ಯಕ್ತಿಚಿತ್ರದ ಹಿನ್ನೆಲೆಯನ್ನು ಸುಳಿಯಂತೆ ತೋರುವ ಅದರ ಗುಣವನ್ನು ಛಾಯಾಗ್ರಾಹಕರು ಮೆಚ್ಚುತ್ತಾರೆ. ಬಿಂಬದ ಅಂಚಿನಲ್ಲಿ ಉಳಿದುಕೊಂಡ ದೋಷಗಳೇ ಆ ಸುಳಿಗೆ ಬಹುಮಟ್ಟಿಗೆ ಕಾರಣ. ಮುಖದ ಚಿತ್ರದಲ್ಲಿ ಅಲಂಕಾರವೆನಿಸುವ ಇದು ಪುಟದ ಅಂಚಿನ ಸಾಲುಗಳನ್ನು ಓದದಂತೆ ಮಾಡಬಲ್ಲದು.

ಇನ್ನು ಕೆಲವು ಮಸೂರಗಳಲ್ಲಿ, ಉದಾಹರಣೆಗೆ ಪೆಂಟಾಕ್ಸ್‌ನ 50 ಮಿ.ಮೀ. ಎಫ್ 1.4 ಸೂಪರ್ ಟಕುಮಾರ್‌ನ ಒಂದು ರೂಪದಲ್ಲಿ, ಥೋರಿಯಂ ಬೆರೆತ ಗಾಜಿದ್ದು ಅದು ಕಾಲಕ್ರಮೇಣ ಹಳದಿಗಟ್ಟುತ್ತದೆ. ಬಣ್ಣದ ಸಮತೋಲವನ್ನು ಸರಿಪಡಿಸಬಹುದಾದರೂ ಶಾಯಿಯ ಬಣ್ಣವೇ ಸಾಕ್ಷ್ಯವಾಗುವಲ್ಲಿ ಇಂತಹ ಮಸೂರವನ್ನು ಬಿಡುವುದೇ ಲೇಸು. ಗಾಜಿನೊಳಗೆ ಬೆಳೆದ ಬೂಷ್ಟನ್ನೂ ಪರೀಕ್ಷಿಸಬೇಕು. ಕರಾವಳಿಯ ಮಳೆಗಾಲದ ತೇವದಲ್ಲಿ ಅದು ಬೇಗ ಹಬ್ಬಿ, ಗಾಜಿನ ಲೇಪನವನ್ನು ತಿಂದುಹಾಕಿ, ಬಿಂಬದ ಮೇಲೆ ತೆಳುವಾದ ಮಂಜನ್ನು ಹರಡುತ್ತದೆ. ಮಸೂರವನ್ನು ಬೆಳಕಿಗೆ ಹಿಡಿದು ನೋಡಿದರೆ ಜೇಡರ ಬಲೆಯಂತಹ ಎಳೆಗಳು ಕಾಣಿಸುತ್ತವೆ. ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಮುಚ್ಚಿದ ಪೆಟ್ಟಿಗೆಯಲ್ಲಿ ಇರಿಸುವುದು ಸುಲಭವಾದ ರಕ್ಷಣೆ.

ಬಳಕೆಯ ಕ್ರಮ

ಮೊದಲು ಕ್ಯಾಮೆರಾ ಮತ್ತು ಪುಟ ಸಮಾನಾಂತರವಾಗಿರಬೇಕು. ಪುಟ ಇಡುವ ಹಲಗೆಯ ಮೇಲೆ ಚಿಕ್ಕ ಕನ್ನಡಿಯನ್ನಿಟ್ಟು, ಮಸೂರದ ಪ್ರತಿಬಿಂಬವು ಚಿತ್ರದ ನಟ್ಟನಡುವೆ ಕಾಣುವಂತೆ ಕ್ಯಾಮೆರಾವನ್ನು ಹೊಂದಿಸಿದರೆ ಇದು ನೆರವೇರುತ್ತದೆ. ಮಸೂರದ ರಂಧ್ರವನ್ನು ಕೈಯಿಂದಲೇ ತಿರುಗಿಸಬೇಕಾದುದರಿಂದ ಪೂರ್ಣ ತೆರೆದು ಫೋಕಸ್ ಮಾಡಿ, ಎಫ್ 5.6 ಅಥವಾ 8ಕ್ಕೆ ಇಳಿಸಿ, ಮತ್ತೊಮ್ಮೆ ಪರೀಕ್ಷಿಸಬೇಕು. ಅದಕ್ಕಿಂತ ಕಿರಿದಾಗಿಸಿದರೆ ಬೆಳಕಿನ ವಿವರ್ತನೆಯಿಂದ ಸೂಕ್ಷ್ಮ ವಿವರ ಮಸುಕಾಗತೊಡಗುತ್ತದೆ. ಅಂಚುಗಳನ್ನು ಬಣ್ಣದಲ್ಲಿ ತೋರುವ ಕ್ಯಾಮೆರಾದ ಸೌಲಭ್ಯವನ್ನು ನೆಚ್ಚದೆ, ಚಿತ್ರವನ್ನು ಪರದೆಯಲ್ಲಿ ಹಿಗ್ಗಿಸಿ, ಒಂದು ಸೊನ್ನೆ ಅಥವಾ ಒತ್ತಕ್ಷರವನ್ನು ನೋಡಿ ಫೋಕಸ್ ಮಾಡುವುದು ಉಚಿತ.

36 ಮಿ.ಮೀ. ಅಗಲದ ಸಂವೇದಕದಲ್ಲಿ ಉದ್ದಕ್ಕೆ 6000 ಪಿಕ್ಸೆಲ್‌ಗಳಿವೆಯೆನ್ನೋಣ. 36 ಸೆಂ.ಮೀ. ಉದ್ದದ ಓಲೆಯನ್ನು ಒಂದೇ ಚಿತ್ರದಲ್ಲಿ ತೆಗೆದರೆ ಒಂದು ಮಿ.ಮೀ.ಗೆ ಸುಮಾರು 17 ಪಿಕ್ಸೆಲ್ ದೊರೆಯುತ್ತವೆ, 0.3 ಮಿ.ಮೀ. ಅಗಲದ ಚುಕ್ಕೆಗೆ ಐದು ಮಾತ್ರ. ಅದೇ ಓಲೆಯನ್ನು ತಲಾ 20 ಸೆಂ.ಮೀ.ಗಳ ಎರಡು ಚಿತ್ರಗಳಲ್ಲಿ, ನಡುವೆ 4 ಸೆಂ.ಮೀ. ಎರಡರಲ್ಲೂ ಬರುವಂತೆ ತೆಗೆದರೆ ಆ ಚುಕ್ಕೆಗೆ ಒಂಬತ್ತು ಪಿಕ್ಸೆಲ್ ಒದಗುತ್ತವೆ. ಆದರೆ ಹತ್ತಿರವಾದಷ್ಟೂ ಸ್ಪಷ್ಟತೆಯ ಆಳ ಕುಗ್ಗುತ್ತದೆ. ಮಸುಕು ಎರಡು ಪಿಕ್ಸೆಲ್ ಮೀರಬಾರದೆಂದು ಎಣಿಸಿದರೆ, ಎಫ್ 5.6ರಲ್ಲಿ ಹತ್ತನೆಯ ಒಂದು ಗಾತ್ರದ ಬಿಂಬಕ್ಕೆ ಈ ಆಳ ಸುಮಾರು 1.5 ಸೆಂ.ಮೀ. ಇದ್ದರೆ, ಅರ್ಧ ಗಾತ್ರದಲ್ಲಿ 1 ಮಿ.ಮೀ.ಗಿಂತಲೂ ಕಡಿಮೆ. ಬಾಗಿದ ಓಲೆಯನ್ನು ಒತ್ತಿ ಚಪ್ಪಟೆ ಮಾಡುವುದು ಅದನ್ನು ಮುರಿದಂತೆಯೇ ಸರಿ. ಅಲ್ಲಿ ಕ್ಯಾಮೆರಾವನ್ನು ತುಸು ಮೇಲೆತ್ತುವುದೇ ವಿವೇಕ. ಅರ್ಧ ಗಾತ್ರದಲ್ಲಿ ದೂರದ ದೃಶ್ಯಕ್ಕಿಂತ 2.25 ಪಟ್ಟು ಬೆಳಕು ಬೇಕಾಗುತ್ತದೆ. ಕ್ಯಾಮೆರಾ ಇದನ್ನು ತಾನೇ ಅಳೆಯುತ್ತದಾದರೂ ಶಟರ್ ನಿಧಾನವಾಗುವುದರಿಂದ ಗಟ್ಟಿಯಾದ ಸ್ಟ್ಯಾಂಡ್ ಮತ್ತು ಸ್ವಯಂಚಾಲಿತ ಟೈಮರ್ ಅಗತ್ಯ.

ದಾಖಲೆಯ ಹೊಣೆ

ಹಳೆಯ ಮಸೂರಕ್ಕೆ ವಿದ್ಯುತ್ ಸಂಪರ್ಕವಿಲ್ಲದಿದ್ದರೆ ಅದರ ಹೆಸರು, ರಂಧ್ರಮಾನಗಳು ಚಿತ್ರದ ಕಡತದಲ್ಲಿ ದಾಖಲಾಗುವುದಿಲ್ಲ. ಗ್ರಂಥಾಲಯವು ಇವುಗಳನ್ನು ಪ್ರತ್ಯೇಕ ವಹಿಯಲ್ಲಿ ಬರೆದಿಡಬೇಕು. ಪ್ರತಿ ಕಟ್ಟಿನ ಮೊದಲ ಚಿತ್ರದಲ್ಲಿ ಅಳತೆಪಟ್ಟಿಯೂ ಬಣ್ಣದ ಪಟ್ಟಿಯೂ ಇರಬೇಕು. ಯಾವುದೇ ಮಸೂರವನ್ನು ಕೆಲಸಕ್ಕೆ ತೊಡಗಿಸುವ ಮುನ್ನ ಸಣ್ಣ ಅಕ್ಷರಗಳ ಮುದ್ರಿತ ಹಾಳೆಯೊಂದನ್ನು ಚಿತ್ರಿಸಿ, ನಡುವಿನ ಅಕ್ಷರಗಳನ್ನು ನಾಲ್ಕು ಮೂಲೆಗಳ ಅಕ್ಷರಗಳೊಡನೆ ಹೋಲಿಸಬೇಕು. ಮೂಲೆಯಲ್ಲಿ ಠಕಾರದ ಚುಕ್ಕೆ ಕಾಣದಿದ್ದರೆ ಆ ಮಸೂರ ಎಷ್ಟೇ ಹೆಸರಾಂತದ್ದಾದರೂ ಈ ಕೆಲಸಕ್ಕೆ ಸಲ್ಲದು.

ಒಟ್ಟಾರೆ ಹೇಳುವುದಾದರೆ, ಹಳೆಯ ಮಸೂರದ ಯೋಗ್ಯತೆಯನ್ನು ನಿರ್ಧರಿಸುವುದು ಅದರ ವಯಸ್ಸಲ್ಲ, ಅದು ಹುಟ್ಟಿದ ಉದ್ದೇಶ. ದಾಖಲೆಗಾಗಿ ರೂಪುಗೊಂಡ ಮಸೂರವೊಂದು ಅರ್ಧ ಶತಮಾನದ ಬಳಿಕವೂ ಆ ಕೆಲಸವನ್ನು ನೆರವೇರಿಸಬಲ್ಲದು. ಹಣದ ಕೊರತೆಯಿರುವ ಸಣ್ಣ ಗ್ರಂಥಭಂಡಾರಗಳು ಹೊಸ ಉಪಕರಣ ಬರಲೆಂದು ಕಾದು ಕುಳಿತಿರುವಾಗ ಓಲೆಗಳು ಕಾಯುವುದಿಲ್ಲ. ಪರೀಕ್ಷಿಸಿ ಆರಿಸಿದ ಒಂದು ಹಳೆಯ ಮಸೂರದಿಂದ ಕೆಲಸವನ್ನು ಇಂದೇ ಆರಂಭಿಸಬಹುದು.